ಚಹದ ಬಟ್ಟಲು

(ಆಕಾಶವಾಣಿ ಭಾಷಣ)

ಧಾರವಾಡದ ಕಡೆ ಯಾರ ಮನೆಗಾದರೂ ಹೋದರೆ ‘ಚಹಾ ತಗೋತೀರೇನ್ರಿ?’ ಎಂದು ಕೇಳುತ್ತಾರೆ. ಮೈಸೂರಿನ ಕಡೆ ಮೊದಲ ಮರ್ಯಾದೆ ಕಾಫಿಗೆ. ಅದು ಬೇಡವೆಂದವರಿಗೆ ‘ಹಾಗಾದರೆ ಟೀ?’ ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಮಂಗಳೂರಿನವರಿಗೆ ಅದು ‘ಚಾ’. ಒಂದೇ ನುಡಿಯನ್ನಾಡುವ ಜನ ಒಂದೇ ಎಲೆಯ ಕಷಾಯವನ್ನು ಹೀಗೆ ಬೇರೆಬೇರೆ ಹೆಸರಿನಿಂದ ಕರೆಯುವುದು ಭಾಷಾಭ್ಯಾಸಿಗಳಿಗೆ ಕುತೂಹಲ ಹುಟ್ಟಿಸುವ ಸಂಗತಿ. ಈ ಎಲ್ಲ ಹೆಸರುಗಳ ಮೂಲದಲ್ಲಿರುವುದು ಒಂದೇ ಚೀನೀ ಅಕ್ಷರ. ಚೀನದ ಬಹುಭಾಗದಲ್ಲಿ ಅದನ್ನು ‘ಚಾ’ ಎಂದು ಓದುತ್ತಾರೆ. ಆಗ್ನೇಯ ಕರಾವಳಿಯ ಫೂಜಿಯನ್ ಪ್ರಾಂತದ ಅಮೋಯ್ ಬಂದರಿನ ಆಡುಮಾತಿನಲ್ಲಿ ಅದು ‘ತೆ’. ನೆಲದ ದಾರಿ ಹಿಡಿದು ಪಶ್ಚಿಮಕ್ಕೆ ಹೋದ ಹೆಸರು ಪಾರಸಿ, ತುರ್ಕಿ, ರಷ್ಯನ್ ಭಾಷೆಗಳಲ್ಲಿ ‘ಚಾಯ್’ ಆಯಿತು. ಡಚ್ಚರ ಹಡಗನ್ನೇರಿ ಹೋದದ್ದು ಯೂರೋಪಿನಲ್ಲಿ ‘ತೆ’ ಎಂದು ಉಳಿದು, ಇಂಗ್ಲಿಷರ ಬಾಯಲ್ಲಿ ‘ಟೀ’ ಆಯಿತು. ಪೋರ್ಚುಗೀಸರೂ ಸಮುದ್ರದವರೇ, ಆದರೆ ಅವರ ನೆಲೆ ಮಕಾವ್ ಆದದ್ದರಿಂದ ಅವರು ‘ಚಾ’ ಎಂದೇ ಕಲಿತರು. ನಮ್ಮ ‘ಚಹಾ’ ಮರಾಠಿಯ ನೆರೆಯಿಂದ ಬಂದದ್ದು, ‘ಟೀ’ ಇಂಗ್ಲಿಷಿನಿಂದ. ಚೀನದ ಎರಡು ಉಚ್ಚಾರಣೆಗಳು ಅರ್ಧ ಭೂಮಂಡಲವನ್ನು ಸುತ್ತಿ ಕನ್ನಡನಾಡಿನ ಒಂದೇ ಬಸ್ ನಿಲ್ದಾಣದಲ್ಲಿ ಮತ್ತೆ ಭೇಟಿಯಾಗಿವೆ.

ಹೆಸರಿನ ಕಥೆಯನ್ನು ಇಷ್ಟಕ್ಕೇ ಬಿಡುತ್ತೇನೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಬಟ್ಟಲಿನ ಕಥೆ. ಎಲೆ, ನೀರು, ಬೆಂಕಿ ಇವು ಎಲ್ಲ ದೇಶಗಳಲ್ಲೂ ಹೆಚ್ಚುಕಡಮೆ ಒಂದೇ. ಆದರೆ ಬಟ್ಟಲು ಯಾರದು, ಕುಡಿದ ಮೇಲೆ ಅದನ್ನು ತೊಳೆಯುವವರು ಯಾರು, ಒಬ್ಬರು ತುಟಿಯಿಟ್ಟಲ್ಲಿ ಇನ್ನೊಬ್ಬರು ತುಟಿಯಿಡಬಹುದೇ ಎಂಬ ಮಾತು ಬಂದಾಗ ಒಂದೊಂದು ಸಮಾಜವೂ ಒಂದೊಂದು ಉತ್ತರ ಕೊಟ್ಟಿದೆ. ಚಹದ ಸಂಪ್ರದಾಯಗಳ ಬಗೆಗೆ ಓದುವಾಗ ನನ್ನ ಗಮನ ಹೆಚ್ಚಾಗಿ ಹೋದದ್ದು ಈ ಉತ್ತರಗಳ ಕಡೆಗೆ.

ಚಹದ ಮೇಲೆ ಮೊದಲ ಶಾಸ್ತ್ರಗ್ರಂಥ ಬರೆದವನು ಚೀನದ ಲೂ ಯೂ. ಕಾಲ ಕ್ರಿ. ಶ. 8ನೆಯ ಶತಮಾನ; ನಮ್ಮಲ್ಲಿ ಚಾಲುಕ್ಯರು ಇಳಿದು ರಾಷ್ಟ್ರಕೂಟರು ತಲೆಯೆತ್ತುತ್ತಿದ್ದ ಹೊತ್ತು. ಈತ ಅನಾಥ ಶಿಶುವಾಗಿದ್ದು, ಬೌದ್ಧ ವಿಹಾರವೊಂದರಲ್ಲಿ ಬೆಳೆದನೆಂದು ಹೇಳುತ್ತಾರೆ. ‘ಚಾ ಜಿಂಗ್’ ಎಂಬ ಅವನ ಪುಸ್ತಕದಲ್ಲಿ ಹತ್ತು ಅಧ್ಯಾಯಗಳು: ಗಿಡದ ಹುಟ್ಟು, ಎಲೆ ಕೀಳುವ ಬಗೆ, ಸಲಕರಣೆ, ನೀರಿನ ತಾರತಮ್ಯ ಎಲ್ಲವೂ ಇವೆ. ಮೊದಲ ಕುದಿಯಲ್ಲಿ ಏಳುವ ಗುಳ್ಳೆ ಮೀನಿನ ಕಣ್ಣಿನಂತಿರಬೇಕೆಂದು ಹೇಳುವಷ್ಟು ಸೂಕ್ಷ್ಮ ದೃಷ್ಟಿ ಅವನದು. ಆ ಕಾಲದ ಚಹ ಬಿಲ್ಲೆಯ ರೂಪದಲ್ಲಿರುತ್ತಿತ್ತು. ಅದನ್ನು ಕಾಯಿಸಿ, ಪುಡಿಮಾಡಿ, ಚಿಟಿಕೆ ಉಪ್ಪಿನೊಡನೆ ಕುದಿಸುತ್ತಿದ್ದರು. ಶುಂಠಿ, ಈರುಳ್ಳಿ, ಕಿತ್ತಳೆಯ ಸಿಪ್ಪೆ ಹಾಕಿ ಕುದಿಸುವವರನ್ನು ಕಂಡರೆ ಲೂ ಯೂಗೆ ಆಗದು. ಅಂಥ ಚಹ ಅವನ ಲೆಕ್ಕದಲ್ಲಿ ಚರಂಡಿಯ ನೀರಿಗೆ ಸಮಾನ. ನಮ್ಮ ಶುಂಠಿ ಚಹದ ಅಂಗಡಿಯ ಮುಂದೆ ಆ ಮಹಾನುಭಾವನನ್ನು ನಿಲ್ಲಿಸಿದ್ದರೆ ಏನೆನ್ನುತ್ತಿದ್ದನೋ!

ಅದೇ ಪುಸ್ತಕದಲ್ಲಿ ಒಂದು ಸಣ್ಣ ನಿಯಮವಿದೆ. ಅತಿಥಿಗಳು ಐವರಿದ್ದರೆ ಮೂರು ಬಟ್ಟಲು ಸರದಿಯಲ್ಲಿ ಸಾಗಲಿ, ಏಳು ಜನರಿದ್ದರೆ ಐದು ಎಂದು ಲೂ ಯೂ ಹೇಳುತ್ತಾನೆ. ಕುದಿಸಿದ ಪಾತ್ರೆಯ ಮೊದಲ ಮೂರು ಬಟ್ಟಲಿನಲ್ಲಿ ಇರುವ ಸ್ವಾದ ಆಮೇಲಿನದಕ್ಕೆ ಇರುವುದಿಲ್ಲ ಎಂಬುದು ಅವನು ಕೊಡುವ ಕಾರಣ. ರುಚಿಯ ದೃಷ್ಟಿಯಿಂದ ಹೇಳಿದ ಮಾತು ಇದು. ಆದರೆ ಅದರ ಹಿಂದೆ ಅವನು ವಿವರಿಸದೆ ಬಿಟ್ಟ ಒಂದು ಭಾವನೆಯಿದೆ: ಒಟ್ಟಿಗೆ ಕುಳಿತವರು ಒಂದು ಬಟ್ಟಲನ್ನು ಹಂಚಿಕೊಳ್ಳುವುದರಲ್ಲಿ ವಿಶೇಷವೇನೂ ಇಲ್ಲ. ಅದಕ್ಕೆ ಸಮರ್ಥನೆ ಬೇಕೆಂದೇ ಅವನಿಗೆ ತೋರಿಲ್ಲ. ನಾವಾಗಿದ್ದರೆ ಅಲ್ಲಿ ಒಂದು ಅಧ್ಯಾಯವನ್ನೇ ಬರೆಯಬೇಕಾಗುತ್ತಿತ್ತು.

ಮುಂದೆ ಸುಂಗ್ ವಂಶದ ಕಾಲಕ್ಕೆ ಚಹದ ನುಣುಪಾದ ಪುಡಿಯನ್ನು ಬಟ್ಟಲಲ್ಲೇ ಬಿಸಿನೀರಿನೊಡನೆ ಕಡೆದು ನೊರೆ ಬರಿಸುವ ಪದ್ಧತಿ ಬಂದಿತು. ಹ್ವೀಜುಂಗ್ ಎಂಬ ಚಕ್ರವರ್ತಿ 1107ರಲ್ಲಿ ಚಹದ ಮೇಲೆ ಗ್ರಂಥವನ್ನೇ ರಚಿಸಿದ. ಇಪ್ಪತ್ತು ವರ್ಷಗಳಲ್ಲಿ ರಾಜ್ಯವನ್ನು ಕಳೆದುಕೊಂಡು ಶತ್ರುಗಳ ಸೆರೆಯಾಳಾದ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಬಿಲ್ಲೆಯ ಕಾಣಿಕೆಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ತರಬೇಕೆಂದು ಆಜ್ಞೆ ಮಾಡಿದ ಮೇಲೆ, ಕಡೆಯುವ ಚಹ ಚೀನದಲ್ಲಿ ಮರೆಯಾಯಿತು. ಅದು ಉಳಿದುಕೊಂಡದ್ದು ಜಪಾನಿನಲ್ಲಿ.

ಏಸಾಯ್ ಎಂಬ ಭಿಕ್ಷು 1191ರಲ್ಲಿ ಚೀನದಿಂದ ಜಪಾನಿಗೆ ಮರಳಿ, ಚಹದ ಬಳಕೆಯನ್ನು ಬೆಳೆಸಿದ. ಧ್ಯಾನದ ನಡುವೆ ನಿದ್ದೆ ತಡೆಯುವ ಮದ್ದಾಗಿದ್ದ ಚಹ ಕಾಲಕ್ರಮದಲ್ಲಿ ಸಾಮಂತರ ವೈಭವಪ್ರದರ್ಶನದ ಸಾಧನವಾಯಿತು. ಚೀನದಿಂದ ತರಿಸಿದ ಒಂದೊಂದು ಬಟ್ಟಲಿಗೂ ದೊಡ್ಡ ಬೆಲೆ. ಈ ಆಡಂಬರವನ್ನು ತಿರುಗಿಸಿ ಬಡತನದ ಚೆಲುವಿನ ಕಡೆಗೆ ತಂದ ಗುರುಪರಂಪರೆಯಲ್ಲಿ ಹಿರಿಯ ಹೆಸರು ಸೆನ್ ನೊ ರಿಕ್ಯೂನದು. ಈತ ಸಕಾಯ್ ಎಂಬ ರೇವುಪಟ್ಟಣದ ವರ್ತಕರ ಮನೆಯವನು, ಹುಟ್ಟಿದ್ದು 1522ರಲ್ಲಿ. ತಾಯ್ಅನ್ ಎಂಬ ಅವನ ಚಹದ ಕೋಣೆ ಕ್ಯೋತೋ ನಗರದ ಬಳಿ ಇಂದಿಗೂ ಇದೆ. ಅದರ ವಿಸ್ತಾರ ಎರಡೇ ಚಾಪೆ. ಒಳಗೆ ಹೋಗುವ ಕಿಂಡಿಯ ಎತ್ತರ ಎರಡಡಿಗಿಂತ ಸ್ವಲ್ಪ ಹೆಚ್ಚು. ಎಂಥ ಸೇನಾಪತಿಯಾದರೂ ಕತ್ತಿಯನ್ನು ಹೊರಗಿನ ಗೂಟಕ್ಕೆ ಬಿಟ್ಟು, ಮಂಡಿಯೂರಿ, ತಲೆ ತಗ್ಗಿಸಿ ತೆವಳಬೇಕು. ಚೀನದ ಅಮೂಲ್ಯ ಬಟ್ಟಲುಗಳ ಜಾಗದಲ್ಲಿ ರಿಕ್ಯೂ ಬಳಸತೊಡಗಿದ್ದು ಚೋಜಿರೋ ಎಂಬ ಕುಶಲಕರ್ಮಿ ಚಕ್ರದ ನೆರವಿಲ್ಲದೆ ಕೈಯಿಂದಲೇ ತಿದ್ದಿ ಮಾಡಿದ ಕಪ್ಪು, ಕೆಂಪು ಮಣ್ಣಿನ ಬಟ್ಟಲುಗಳನ್ನು.

ಆ ಕೋಣೆಯಲ್ಲಿ ನಡೆಯುವ ಉಪಚಾರದ ಶಿಖರ ‘ಕೊಇಚ’ ಎಂಬ ಗಟ್ಟಿ ಚಹ. ಅದು ಕುಡಿಯುವ ದ್ರವಕ್ಕಿಂತ ಅಂಬಲಿಗೆ ಹತ್ತಿರ. ಅದಕ್ಕೆ ಇರುವುದು ಒಂದೇ ಬಟ್ಟಲು. ಮೊದಲ ಅತಿಥಿ ಕೆಲವು ಗುಟುಕು ಕುಡಿದು, ತನ್ನ ತುಟಿ ತಾಗಿದ ಅಂಚನ್ನು ಒರೆಸಿ, ಬಟ್ಟಲನ್ನು ಮುಂದಿನವನಿಗೆ ಕೊಡುತ್ತಾನೆ. ಅವನು ಇನ್ನೊಬ್ಬನಿಗೆ. ಕೊನೆಯವನು ಮುಗಿಸುತ್ತಾನೆ. ಸಾಮಂತ, ವರ್ತಕ, ಭಿಕ್ಷು ಯಾರೇ ಇರಲಿ, ಆ ಕ್ಷಣದಲ್ಲಿ ಎಲ್ಲರದೂ ಒಂದೇ ಪಾತ್ರೆ.

ಈ ಬಟ್ಟಲಿನ ಬಗೆಗೆ ಜಪಾನಿನಲ್ಲಿ ಒಂದು ಐತಿಹ್ಯವಿದೆ. ಓತಾನಿ ಯೋಶಿತ್ಸುಗು ಎಂಬ ಸಾಮಂತನಿಗೆ ಕುಷ್ಠರೋಗ ತಗಲಿತ್ತಂತೆ. ಒಂದು ಚಹದ ಕೂಟದಲ್ಲಿ ಬಟ್ಟಲು ಅವನ ಕೈಗೆ ಬಂದಾಗ ಮುಖದ ಹುಣ್ಣಿನ ಕೀವು ಅದರೊಳಗೆ ತೊಟ್ಟಿಕ್ಕಿತು. ಬಟ್ಟಲನ್ನು ಮುಂದಕ್ಕೆ ಕೊಡಲಾರದೆ, ಇಟ್ಟುಕೊಳ್ಳಲಾರದೆ ಅವನು ಕುಗ್ಗಿಹೋದ. ಉಳಿದವರು ಕುಡಿದಂತೆ ನಟಿಸಿ ಸಾಗಿಸಿದರೆಂದೂ, ಇಶಿದ ಮಿತ್ಸುನಾರಿ ಎಂಬ ಗೆಳೆಯ ಮಾತ್ರ ಏನೂ ನಡೆದಿಲ್ಲವೆಂಬಂತೆ ಬಟ್ಟಲನ್ನೆತ್ತಿ ಪೂರ್ತಿ ಕುಡಿದು, ‘ತುಂಬ ರುಚಿಯಾಗಿತ್ತು, ನನ್ನಿಂದಲೇ ಮುಗಿದುಹೋಯಿತು’ ಎಂಬರ್ಥದ ಮಾತಾಡಿದನೆಂದೂ ಹೇಳುತ್ತಾರೆ. ಇದಕ್ಕೆ ಸಮಕಾಲೀನ ಆಧಾರವನ್ನು ಕೇಳಬಾರದು. ಆ ಕೆಲಸ ಮಾಡಿದವನು ಬೇರೊಬ್ಬನೆಂದು ಹೇಳುವ ಪಾಠವೂ ಉಂಟು. ಆದರೆ 1600ರಲ್ಲಿ ಸೆಕಿಗಹರದ ಮಹಾಯುದ್ಧದಲ್ಲಿ ಯೋಶಿತ್ಸುಗು ಮಿತ್ಸುನಾರಿಯ ಪಕ್ಷದಲ್ಲಿ ನಿಂತು ಪ್ರಾಣಬಿಟ್ಟದ್ದು ಇತಿಹಾಸ. ಸೋಲುವ ಪಕ್ಷಕ್ಕೆ ಅವನು ಯಾಕೆ ಸೇರಿದ ಎಂಬ ಪ್ರಶ್ನೆಗೆ ಜನ ಆ ಬಟ್ಟಲನ್ನೇ ಉತ್ತರವಾಗಿ ಇಟ್ಟರು. ವಾಲ್ಮೀಕಿಯಲ್ಲಿ ಇಲ್ಲದಿದ್ದರೂ ಶಬರಿಯ ಎಂಜಲು ಹಣ್ಣಿನ ಕಥೆಯನ್ನು ನಮ್ಮ ಜನ ಬಿಡದೆ ಹೇಳಿಕೊಂಡು ಬಂದಿಲ್ಲವೇ, ಇದೂ ಹಾಗೆಯೇ.

ಜಪಾನಿನ ಈ ಸಮಾನತೆಯನ್ನು ಅತಿಯಾಗಿ ಕೊಂಡಾಡುವವರಿಗೆ ರಿಕ್ಯೂನ ಕೊನೆಯನ್ನೂ ನೆನಪಿಸಬೇಕು. ಅವನ ಆಶ್ರಯದಾತ ಹಿದೆಯೋಶಿ, ಸಾಧಾರಣ ಕಾಲಾಳಿನ ಮನೆಯಿಂದ ಬಂದು ಜಪಾನನ್ನೇ ಆಳಿದವನು. 1587ರಲ್ಲಿ ಕಿತಾನೊ ಎಂಬಲ್ಲಿ ಅವನು ಏರ್ಪಡಿಸಿದ ಬೃಹತ್ ಚಹಕೂಟಕ್ಕೆ ಆಳುಗಳೂ ರೈತರೂ ಬರಬಹುದು, ಒಂದು ಕೆಟಲು ಒಂದು ಬಟ್ಟಲು ತಂದರೆ ಸಾಕು ಎಂದು ಡಂಗುರ ಹೊಡೆಸಲಾಯಿತು. ಹತ್ತು ದಿನವೆಂದು ಸಾರಿದ್ದ ಆ ಕೂಟ ಒಂದೇ ದಿನಕ್ಕೆ ಮುಗಿಯಿತು. ಮರುವರ್ಷ ರೈತರ ಕೈಯಿಂದ ಆಯುಧಗಳನ್ನು ಕಿತ್ತುಕೊಳ್ಳುವ ಆಜ್ಞೆ ಹೊರಟಿತು. 1591ರಲ್ಲಿ ಸಿಪಾಯಿ ಸಿಪಾಯಿಯಾಗಿಯೇ, ರೈತ ರೈತನಾಗಿಯೇ ಇರತಕ್ಕದ್ದೆಂಬ ಶಾಸನ ಬಂದಿತು. ರಿಕ್ಯೂ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯಬೇಕೆಂದು ಅಪ್ಪಣೆಯಾದದ್ದೂ ಆ ವರ್ಷವೇ. ಕಾರಣವನ್ನು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ದೇವಾಲಯದ ಮಹಾದ್ವಾರದ ಮೇಲೆ ರಿಕ್ಯೂನ ಮರದ ಪ್ರತಿಮೆಯಿದ್ದು, ಅದರ ಕಾಲಕೆಳಗೆ ಪ್ರಭು ನಡೆದುಹೋಗಬೇಕಾಯಿತೆಂಬುದು ಹೊರಗೆ ಕೊಟ್ಟ ಕಾರಣಗಳಲ್ಲೊಂದು. ಎರಡು ಚಾಪೆಯ ಕೋಣೆಯಲ್ಲಿ ಬಾಗಿದ ತಲೆ ಹೊರಗೆ ಬಂದಾಗ ಬಾಗಲು ಒಪ್ಪಲಿಲ್ಲವೆಂದು ನಾನು ತಿಳಿಯುತ್ತೇನೆ. ಹಂಚಿಕೊಳ್ಳುವ ಬಟ್ಟಲು ಮಾತ್ರ ನಾಲ್ಕು ಶತಮಾನ ಬಾಳಿತು. 2020ರ ಕೊರೊನಾ ಪಿಡುಗಿನಲ್ಲಿ ಅದಕ್ಕೂ ತಡೆಯಾಗಿ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಿಡಬೇಕಾಯಿತು.

ಒಬ್ಬೊಬ್ಬರಿಗೆ ಒಂದು ಬಟ್ಟಲು ಎಂದೊಡನೆ ಅದರಲ್ಲಿ ಭೇದವೇ ಇದೆ ಎಂದುಕೊಳ್ಳಬಾರದು. ಟಿಬೆಟ್ಟಿನವರ ಪದ್ಧತಿ ನೋಡಿ. ಸುಂಗ್ ದೊರೆಗಳಿಗೆ ಯುದ್ಧಕ್ಕೆ ಕುದುರೆ ಬೇಕಿತ್ತು, ಟಿಬೆಟ್ಟಿನವರಿಗೆ ಚಹ ಬೇಕಿತ್ತು. 1074ರಲ್ಲಿ ಇದಕ್ಕಾಗಿಯೇ ಸರಕಾರಿ ಕಚೇರಿ ತೆರೆದರು. ಇಟ್ಟಿಗೆಯಂತೆ ಒತ್ತಿದ ಚಹ ಮನುಷ್ಯರ ಮತ್ತು ಹೇಸರಗತ್ತೆಗಳ ಬೆನ್ನ ಮೇಲೆ ಹಿಮದ ಕಣಿವೆಗಳನ್ನು ದಾಟಿತು. ಟಿಬೆಟ್ಟಿನಲ್ಲಿ ಅದನ್ನು ಬಹಳ ಹೊತ್ತು ಕುದಿಸಿ, ಉಪ್ಪು ಮತ್ತು ಬೆಣ್ಣೆ ಸೇರಿಸಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಹಿಂದೆ ಪ್ರತಿಯೊಬ್ಬನೂ ತನ್ನ ಮರದ ಬಟ್ಟಲನ್ನು ನಿಲುವಂಗಿಯ ಮಡಿಕೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ಯಾರ ಮನೆಗೆ ಹೋದರೂ ಅದನ್ನೇ ಹೊರತೆಗೆಯುತ್ತಿದ್ದ. ಆತಿಥ್ಯ ಇರುವುದು ತುಂಬಿಸುವುದರಲ್ಲಿ. ಅತಿಥಿ ಒಂದು ಗುಟುಕು ಕುಡಿದೊಡನೆ ಮನೆಯವರು ಮತ್ತೆ ಅಂಚಿನವರೆಗೆ ಹೊಯ್ಯುತ್ತಾರೆ. ಅತಿಥಿ ಬಟ್ಟಲನ್ನು ಬರಿದುಮಾಡುವುದು ಹೊರಡುವಾಗ ಮಾತ್ರ. ಇದನ್ನು ನೋಡಲು ಲ್ಹಾಸಾಕ್ಕೆ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ನಮ್ಮ ಬೈಲುಕುಪ್ಪೆಯಲ್ಲೂ ಮುಂಡಗೋಡಿನಲ್ಲೂ ನೆಲೆನಿಂತ ನಿರಾಶ್ರಿತರು ಬೆಣ್ಣೆ ಚಹವನ್ನು ಕರ್ನಾಟಕಕ್ಕೂ ತಂದರು. ನಮ್ಮವರು ಅದನ್ನು ಚಹವೆಂದುಕೊಂಡು ಕುಡಿದು ಮುಖ ಹುಳ್ಳಗೆ ಮಾಡುತ್ತಾರೆ. ಉಪ್ಪುಹಾಕಿದ ಸಾರೆಂದುಕೊಂಡು ಕುಡಿದರೆ ಇಷ್ಟವಾಗುತ್ತದೆ.

ರಷ್ಯದ ಸಮೋವಾರ್, ಹಲ್ಲಿನ ನಡುವೆ ಸಕ್ಕರೆಯ ಹರಳು ಕಚ್ಚಿಕೊಂಡು ಕುಡಿಯುವ ಅಲ್ಲಿನ ಅಭ್ಯಾಸ, ಮೊರಾಕ್ಕೊದ ಪುದೀನ ಚಹ ಇವುಗಳಿಗೆ ಆಕಾಶವಾಣಿಯ ಗಡಿಯಾರ ಅವಕಾಶ ಕೊಡುವುದಿಲ್ಲ. ಇಂಗ್ಲೆಂಡನ್ನು ಮಾತ್ರ ಬಿಡುವಂತಿಲ್ಲ, ನಮ್ಮ ಚಹಕ್ಕೆ ದಾರಿ ಅದರ ಮೂಲಕವೇ ಇರುವುದರಿಂದ. 1660ರಲ್ಲಿ ಸ್ಯಾಮ್ಯುಯಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಮೊದಲ ಬಾರಿಗೆ ಚಹ ಕುಡಿದುದನ್ನು ದಾಖಲಿಸಿದ. ಎರಡು ವರ್ಷದ ಬಳಿಕ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳು ಮುಂಬಯಿಯನ್ನು ಬಳುವಳಿಯಾಗಿ ಕೊಟ್ಟು ಆ ದೇಶದ ರಾಣಿಯಾದಳು, ಚಹದ ಚಾಳಿಯೂ ಅವಳೊಡನೆ ಅರಮನೆ ಹೊಕ್ಕಿತು. ಎಲೆಯ ಮೇಲೆ ಸುಂಕ ಎಷ್ಟಿತ್ತೆಂದರೆ, 1784ರಲ್ಲಿ ಇಳಿಸುವ ಮೊದಲು ಅದು ಶೇಕಡ 119ಕ್ಕೆ ಮುಟ್ಟಿತ್ತು, ಇಳಿಸಿದ್ದು ಹನ್ನೆರಡೂವರೆಗೆ. ಹೀಗಾಗಿ ಇಂಗ್ಲಿಷರ ಮನೆಯ ಮುಖ್ಯ ಚಹಸಾಧನ ಬೀಗ ಹಾಕುವ ಪೆಟ್ಟಿಗೆ. ಕೀಲಿ ಯಜಮಾನಿಯ ಸೊಂಟದಲ್ಲಿ, ಸೇವಕರ ಕೈಗೆ ಸಿಗದಂತೆ. ಮೊದಮೊದಲ ಬಟ್ಟಲುಗಳು ಚೀನದವು, ಹಿಡಿಯಿಲ್ಲದವು; ಬಿಸಿ ತಡೆಯದೆ ಬಸಿಗೆ ಸುರಿದುಕೊಂಡು ಕುಡಿಯುವವರೂ ಇದ್ದರು. ಆ ಮೇಲೆ ಹಾಗೆ ಕುಡಿಯುವುದು ಅಸಭ್ಯವೆನಿಸಿತು. ಅವರು ಬಿಟ್ಟ ಬಸಿಯನ್ನು ಹುಬ್ಬಳ್ಳಿ, ಬೆಳಗಾವಿಯ ಹಿರಿಯರು ಸಂಕೋಚವಿಲ್ಲದೆ ಬಳಸಿದರು.

ಈ ಚಹಕ್ಕೆ ಬೆಲೆ ತೆರಲು ಇಂಗ್ಲಿಷರು ಚೀನಕ್ಕೆ ಅಫೀಮು ಮಾರಿದ್ದು, ಅದರಿಂದ 1839ರಲ್ಲಿ ಯುದ್ಧವೇ ನಡೆದದ್ದು ಎಲ್ಲರಿಗೂ ತಿಳಿದ ವಿಚಾರ. ಚೀನದ ಹಂಗು ತಪ್ಪಿಸಿಕೊಳ್ಳಲು ಅವರು ಅಸ್ಸಾಮಿನ ಕಡೆ ತಿರುಗಿದರು. ಅಲ್ಲಿನ ಸಿಂಗ್ಫೋ ಜನ ಮೊದಲಿನಿಂದಲೂ ಕಾಡಿನ ಚಹದ ಎಲೆಯನ್ನು ಬಿದಿರಿನ ಕೊಳವೆಗೆ ತುಂಬಿ, ಹೊಗೆಯಲ್ಲಿ ಒಣಗಿಸಿ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ‘ಕಂಡುಹಿಡಿದ’ದ್ದು ಅವರ ಬಟ್ಟಲಿನಲ್ಲಿದ್ದುದನ್ನೇ. ಸ್ವಂತ ತೋಟ ಮಾಡಿದ ಮೊದಲ ಭಾರತೀಯನೆನಿಸಿದ ಮಣಿರಾಮ್ ದಿವಾನನನ್ನು 1858ರಲ್ಲಿ ದಂಗೆಯ ಆರೋಪದ ಮೇಲೆ ಜೋರ್ಹಾಟಿನಲ್ಲಿ ಗಲ್ಲಿಗೇರಿಸಿದರು. ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ದೂರದ ಸೀಮೆಗಳಿಂದ ಬಂದ ಕೂಲಿಗಳು ಎಲೆ ಕಿತ್ತರು. ಆ ತೋಟಗಳ ಕಾರ್ಮಿಕರು ಕುಡಿಯುತ್ತ ಬಂದದ್ದು ಹಾಲು ಸಕ್ಕರೆಯಿಲ್ಲದ, ಉಪ್ಪು ಬೆರೆಸಿದ ಚಹ. ಬಿಸಿಲಿನಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಕು ಎಂಬುದು ಅದಕ್ಕೆ ಕೊಡುವ ವಿವರಣೆ. ಸಕ್ಕರೆಗೆ ದುಡ್ಡು ಬೇಕು ಎಂಬುದೂ ನಿಜವೇ.

ಭಾರತೀಯರಿಗೆ ಚಹ ಕುಡಿಯುವ ಅಭ್ಯಾಸ ಹಿಡಿಸಿದ್ದು ತೀರ ಈಚೆಗೆ. 1903ರಲ್ಲಿ ರಫ್ತಾಗುವ ಚಹದ ಮೇಲೆ ಒಂದು ಕರ ಹೇರಿ, ಅದರ ಹಣದಿಂದ ಪ್ರಚಾರ ಆರಂಭಿಸಿದರು. ರೈಲುನಿಲ್ದಾಣಗಳಲ್ಲಿ ಮಳಿಗೆ ತೆರೆದು, ಚಹ ಮಾಡುವ ಕ್ರಮವನ್ನು ದೇಶಭಾಷೆಗಳಲ್ಲಿ ಬರೆದ ಫಲಕ ತೂಗುಹಾಕಿದರು. ಮಾರುವವರು ಫಲಕವನ್ನು ಓದಲಿಲ್ಲವೋ, ಓದಿಯೂ ಒಪ್ಪಲಿಲ್ಲವೋ, ಎಲೆ ಕಡಮೆ ಮಾಡಿ ಹಾಲು ಸಕ್ಕರೆ ಹೆಚ್ಚಿಸಿ ತಮ್ಮದೇ ಪಾಕವನ್ನು ಸೃಷ್ಟಿಸಿದರು. ಅನಾದಿಯಿಂದ ಬಂದುದೆಂದು ನಾವು ಭಾವಿಸುವ ನಮ್ಮ ಚಹದ ವಯಸ್ಸು ನೂರು ಚಿಲ್ಲರೆ ವರ್ಷ. ಆದರೆ ಅದನ್ನು ಕೊಟ್ಟ ಪಾತ್ರೆಯ ಕಟ್ಟುಪಾಡು ಮಾತ್ರ ಹಳೆಯದು. ಅದೇ ನಿಲ್ದಾಣಗಳಲ್ಲಿ ‘ಹಿಂದೂ ಚಾಯ್’, ‘ಮುಸಲ್ಮಾನ್ ಚಾಯ್’ ಎಂದು ಬೇರೆ ಬೇರೆ ಕೂಗು ಕೇಳುತ್ತಿತ್ತು. ದೆಹಲಿಯಲ್ಲಿ ಸೆರೆಯಲ್ಲಿದ್ದ ಆಜಾದ್ ಹಿಂದ್ ಸೇನೆಯವರನ್ನು ಗಾಂಧೀಜಿ ಕಂಡಾಗ, ತಮಗೆ ಇಲ್ಲಿ ಹಿಂದೂ ಚಹ, ಮುಸ್ಲಿಂ ಚಹ ಎಂದು ಬೇರೆಬೇರೆ ಕೊಡುತ್ತಾರೆಂದು ಅವರು ದೂರಿದರಂತೆ. ‘ನೀವೇನು ಮಾಡುತ್ತೀರಿ?’ ಎಂದರೆ, ‘ಎರಡನ್ನೂ ಅರ್ಧರ್ಧ ಬೆರೆಸಿ ಹಂಚಿಕೊಳ್ಳುತ್ತೇವೆ’ ಎಂಬ ಉತ್ತರ ಬಂದಿತು. ಚಹವನ್ನು ಆರೋಗ್ಯಕ್ಕೆ ಕೆಡುಕೆನ್ನುತ್ತಿದ್ದ ಗಾಂಧೀಜಿ ಆ ಬೆರಕೆಯನ್ನು ಮಾತ್ರ ನಕ್ಕು ಮೆಚ್ಚಿಕೊಂಡರು.

ಹಳ್ಳಿಯ ಹೋಟೆಲುಗಳಲ್ಲಿ ಬೆರೆಸುವವರು ಇರಲಿಲ್ಲ. 1970ರ ದಶಕದಲ್ಲಿ, ನಾನು ವಿದ್ಯಾರ್ಥಿಯಾಗಿದ್ದಾಗ, ನಮ್ಮ ಕಡೆಯ ಒಂದು ಊರಿನ ಬಸ್ಸು ನಿಲ್ಲುವ ಜಾಗದಲ್ಲಿ ಸಣ್ಣ ಹೋಟೆಲೊಂದಿತ್ತು. ಒಳಗೆ ಬೆಂಚು, ಮೇಜು, ಗಾಜಿನ ಲೋಟ. ಹೊರಗೆ ಸೂರಿನ ಕೆಳಗಿನ ಗೋಡೆಯ ಗೂಡಿನಲ್ಲಿ ಬೋರಲಾಗಿಟ್ಟ ಮೂರುನಾಲ್ಕು ಲೋಟಗಳು. ಕೆಲಸ ಮುಗಿಸಿ ಬಂದ ಕೂಲಿಯವರು ಅದರಲ್ಲೊಂದನ್ನು ತೆಗೆದು, ತಾವೇ ತೊಳೆದು, ಮೆಟ್ಟಿಲ ಕೆಳಗೆ ನಿಂತು ಹಿಡಿಯುತ್ತಿದ್ದರು. ಚಹ ಮೇಲಿನಿಂದ, ಲೋಟಕ್ಕೆ ತಾಗದಂತೆ, ಬೀಳುತ್ತಿತ್ತು. ಕುಡಿದು, ಮತ್ತೆ ತೊಳೆದು, ಗೂಡಿನಲ್ಲಿ ಬೋರಲಿಡುತ್ತಿದ್ದರು. ಅವರ ಕಾಸು ಮಾತ್ರ ಎಲ್ಲರ ಕಾಸಿನ ಜೊತೆಗೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ಅದನ್ನು ಯಾರೂ ತೊಳೆಯುತ್ತಿರಲಿಲ್ಲ. ಸಂವಿಧಾನ ಬಂದು ಕಾಲು ಶತಮಾನವಾಗಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಂತೂ ಹೋಟೆಲಿನಲ್ಲಿ ಸಾರ್ವಜನಿಕರ ಬಳಕೆಗಿಟ್ಟ ಪಾತ್ರೆಗಳನ್ನು ಬಳಸಗೊಡದಿರುವುದು ಅಪರಾಧವೆಂದು ‘ಪಾತ್ರೆ’ಯ ಹೆಸರೆತ್ತಿಯೇ ಹೇಳಿತ್ತು. ಒಂದು ಗಣರಾಜ್ಯ ಲೋಟದ ಮೇಲೆ ಕಾನೂನು ಮಾಡಬೇಕಾಗಿ ಬಂದ ಸಂದರ್ಭ ಎಂಥದೆಂದು ಯೋಚಿಸಬೇಕು.

ಎಂಜಲು ಎಂಬುದು ನಮ್ಮ ಭಾಷೆಯ ಬಹು ಬಲವಾದ ಪದಗಳಲ್ಲೊಂದು. ಬರಿಯ ಶುಚಿತ್ವದ ಅರ್ಥ ಅದಕ್ಕಿಲ್ಲ. ತಾಯಿಯ ಎಂಜಲನ್ನು ಮಗು ತಿನ್ನುತ್ತದೆ, ಗುರುವಿನ ಎಂಜಲು ಪ್ರಸಾದವಾಗುತ್ತದೆ; ಮೇಲಿನಿಂದ ಕೆಳಕ್ಕೆ ಇಳಿಯುವಾಗ ಅದು ಪವಿತ್ರ, ಕೆಳಗಿನಿಂದ ಮೇಲಕ್ಕೆ ಏರುವಾಗ ಮೈಲಿಗೆ. ಉತ್ತರ ಭಾರತದ ಮಣ್ಣಿನ ಕುಡಿಕೆಯನ್ನು ನೆಲದ ಸುವಾಸನೆಗಾಗಿ ಹೊಗಳುತ್ತಾರೆ. 2004ರಲ್ಲಿ ರೈಲ್ವೆ ಸಚಿವರು ಅದನ್ನು ಮತ್ತೆ ನಿಲ್ದಾಣಗಳಿಗೆ ತಂದರು. ಕುಂಬಾರರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಿದ್ದರೆ ಸಂತೋಷ. ಆದರೆ ಕುಡಿದೊಡನೆ ನೆಲಕ್ಕೆಸೆದು ಒಡೆಯುವ ಆ ಪದ್ಧತಿಗೆ, ಒಬ್ಬರ ಎಂಜಲು ಇನ್ನೊಬ್ಬರಿಗೆ ಎಂದೂ ತಾಗದಿರಲಿ ಎಂಬ ಎಚ್ಚರವೂ ಕಾರಣವಾಗಿತ್ತು.

ನಮ್ಮ ಬೆಂಗಳೂರು, ಮೈಸೂರುಗಳ ‘ಬೈ ಟೂ’ ಪದ್ಧತಿ ನನಗೆ ಇದಕ್ಕಿಂತ ಇಷ್ಟ. ಇಬ್ಬರು ಸ್ನೇಹಿತರು ಒಂದು ಟೀ ಹೇಳಿ ಎರಡು ಲೋಟಕ್ಕೆ ಹಾಕಿಸಿಕೊಳ್ಳುತ್ತಾರೆ. ಹೊರ ಊರಿನವರು ಇದನ್ನು ಜಿಪುಣತನವೆನ್ನುತ್ತಾರೆ. ಹನ್ನೊಂದು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ, ಮಾತು ಮುಗಿಯದಿದ್ದರೆ ಇನ್ನೊಮ್ಮೆ ಹೋಗುವುದಕ್ಕೆ ಅರ್ಧ ಲೋಟವೇ ಅನುಕೂಲವೆಂದು ಅವರಿಗೆ ತಿಳಿಯದು.

ಲೋಟದ ಗೂಡಿದ್ದ ಆ ಹೋಟೆಲು ಈಗ ಇಲ್ಲ. ಆ ಜಾಗದಲ್ಲಿ ಒಂದು ಚಹದ ಅಂಗಡಿಯಿದೆ. ಎಲ್ಲರಿಗೂ ಕಾಗದದ ಲೋಟ, ಕುಡಿದು ಬುಟ್ಟಿಗೆ ಹಾಕಿದರಾಯಿತು. ಎರಡು ಲೋಟದ ಪದ್ಧತಿಯ ಸುದ್ದಿ ಇಂದಿಗೂ ಅಲ್ಲಿಂದ ಇಲ್ಲಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇರುವುದರಿಂದ, ಕಾಗದದ ಲೋಟ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟಿತೋ, ಪ್ರಶ್ನೆಯನ್ನೇ ಬುಟ್ಟಿಗೆ ಹಾಕಿತೋ ಹೇಳುವುದು ಕಷ್ಟ. ಕೇಳಿದವರಿಗೆ ಗಾಜಿನ ಲೋಟವನ್ನು ಒಳಗಿನಿಂದ ತೊಳೆದು ತಂದುಕೊಡುತ್ತಾರೆ. ಆ ಕಡೆ ಹೋದಾಗಲೆಲ್ಲ, ಯಾರು ಕೇಳುತ್ತಾರೆ, ಯಾರಿಗೆ ಕೊಡುತ್ತಾರೆ ಎಂದು ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತೇನೆ.